ಕಾರಿನ ಕಂಠ, ಮನೆಯ ಪಡಸಾಲೆ

ಕಾರು ಹಳತಾಗುತ್ತದೆ, ಅದರೊಳಗೆ ಕುಳಿತು ಹಾಡು ಕೇಳಿದ ಸುಖ ಹಳತಾಗುವುದಿಲ್ಲ. ಗಾಡಿಯನ್ನು ಮಾರುವ ದಿನ ಬಂದಾಗ ಅನೇಕ ಗೃಹಸ್ಥರು ಅದರ ಡಿಕ್ಕಿಯಲ್ಲಿ ತಾವೇ ಅಕ್ಕರೆಯಿಂದ ಹಾಕಿಸಿದ್ದ ಆಂಪ್ಲಿಫೈಯರನ್ನು ಬಿಚ್ಚಿಸಿಕೊಂಡು ಮನೆಗೆ ತರುವುದುಂಟು. ಕೊಳ್ಳುವವನು ಅದಕ್ಕೆಂದು ಹೆಚ್ಚಿಗೆ ಕೊಡುವುದು ಅಷ್ಟರಲ್ಲೇ ಇದೆ! ಹೀಗೆ ಬಂದ ಆ ಅಲ್ಯೂಮಿನಿಯಂ ಪೆಟ್ಟಿಗೆ ಕೆಲವು ಕಾಲ ಅಟ್ಟದ ಮೇಲೆ ಹಳೆಯ ಪಾತ್ರೆಗಳ ನೆರೆಯಲ್ಲಿ ಅಜ್ಞಾತವಾಸವನ್ನು ಕಳೆಯುತ್ತದೆ. ಒಂದು ಭಾನುವಾರ ಕಾಲೇಜಿಗೆ ಹೋಗುವ ಮಗನ ಅಥವಾ ಮಗಳ ದೃಷ್ಟಿ ಅದರ ಮೇಲೆ ಬೀಳುತ್ತದೆ. “ಅಪ್ಪಾ, ಇದನ್ನು ಮನೆಯಲ್ಲೇ ಹಾಡಿಸಬಾರದೇಕೆ?” ಎಂಬ ಪ್ರಶ್ನೆ ಏಳುತ್ತದೆ.

ಹಾಡಿಸಬಹುದು, ಅದರಲ್ಲಿ ಸಂದೇಹವಿಲ್ಲ. ಆದರೆ ಪೆಟ್ಟಿಗೆಯನ್ನು ಎಷ್ಟು ತಿರುಗಿಸಿ ನೋಡಿದರೂ ಗೋಡೆಗೆ ಚುಚ್ಚುವ ಪ್ಲಗ್ಗು ಕಾಣುವುದಿಲ್ಲ. ಒಂದು ಬದಿಯಲ್ಲಿ ಮೂರು ದಪ್ಪ ತಿರುಪುಗಳಿರುತ್ತವೆ, ಅವುಗಳ ಪಕ್ಕದಲ್ಲಿ ‘೧೨ ವೋಲ್ಟ್’ ಎಂಬ ಬರಹವಿರುತ್ತದೆ. ಮನೆಯಲ್ಲಿ ಇಂಟರ್‌ನೆಟ್ ಡಬ್ಬಿಗೆ ಕೊಟ್ಟ ಪುಟ್ಟ ಅಡಾಪ್ಟರಿನ ಮೇಲೂ ೧೨ ವೋಲ್ಟ್ ಎಂದೇ ಬರೆದಿರುವುದರಿಂದ, ಉತ್ಸಾಹಿಗಳು ಅದನ್ನೇ ತಂದು ಜೋಡಿಸಿಬಿಡುತ್ತಾರೆ. ಪೆಟ್ಟಿಗೆಯ ದೀಪ ಮಿನುಗುತ್ತದೆ. ಪಿಟೀಲಿನ ಎಳೆಯೊಂದು ಕೇಳಿಬರುತ್ತದೆ. ಮೃದಂಗದ ಮೊದಲ ಪೆಟ್ಟು ಬಿದ್ದೊಡನೆ ದೀಪವೂ ಹಾಡೂ ಒಟ್ಟಿಗೆ ನಂದಿಹೋಗುತ್ತವೆ. ಕೆಟ್ಟಿರುವುದು ಆಂಪ್ಲಿಫೈಯರಲ್ಲ, ಲೆಕ್ಕ. ವೋಲ್ಟನ್ನು ನೋಡಿದವರು ಆಂಪಿಯರನ್ನು ನೋಡಲಿಲ್ಲ.

ಇದು ಬರಿಯ ನಿರಾಸೆಯಲ್ಲಿ ಮುಗಿದರೆ ಚಿಂತೆಯಿಲ್ಲ. ಆದರೆ ಇದೇ ಅಲಕ್ಷ್ಯ ತಂತಿಯ ವಿಷಯದಲ್ಲಿಯೂ ಫ್ಯೂಸಿನ ವಿಷಯದಲ್ಲಿಯೂ ಮುಂದುವರಿದರೆ ಫಲ ಬೇರೆಯಾಗುತ್ತದೆ. ಹನ್ನೆರಡು ವೋಲ್ಟು ಒಣಗಿದ ಕೈಗೆ ತಾಕಿದರೆ ಶಾಕ್ ಹೊಡೆಯುವುದಿಲ್ಲ. ಆ ಕಾರಣಕ್ಕಾಗಿಯೇ ಜನ ಅದನ್ನು ಸಾಧುವೆಂದು ನಂಬುತ್ತಾರೆ. ಮುಟ್ಟಿದವನನ್ನು ಹೊಡೆಯದ ಆ ವಿದ್ಯುತ್ತು ಕಿಟಕಿಯ ಪರದೆಗೆ ಬೆಂಕಿ ಹಚ್ಚಬಲ್ಲುದೆಂಬುದನ್ನು ಅರಿತವನೇ ಈ ಕೆಲಸಕ್ಕೆ ಕೈ ಹಾಕಲು ಅರ್ಹ.

ನೋಟು ಮತ್ತು ಚಿಲ್ಲರೆ

ಅಂಗಡಿಯವನಿಗೆ ನೂರು ರೂಪಾಯಿ ಕೊಡಬೇಕಾಗಿದೆ ಎನ್ನೋಣ. ನೂರರ ನೋಟಾದರೆ ಒಂದೇ ಸಾಕು. ಐದು ರೂಪಾಯಿಯ ನಾಣ್ಯಗಳಲ್ಲಿ ಕೊಡುವುದಾದರೆ ಇಪ್ಪತ್ತು ನಾಣ್ಯ ಬೇಕು. ಸಲ್ಲುವ ಹಣ ಒಂದೇ. ಹೊರುವ ಭಾರ ಬೇರೆ. ವಿದ್ಯುತ್ತಿನಲ್ಲಿ ವ್ಯಾಟು ಎಂಬುದು ಸಲ್ಲಬೇಕಾದ ಹಣ, ವೋಲ್ಟು ನಾಣ್ಯದ ಬೆಲೆ, ಆಂಪಿಯರು ನಾಣ್ಯಗಳ ಸಂಖ್ಯೆ. ಮನೆಯ ಗೋಡೆಯಲ್ಲಿ ಹರಿಯುವುದು ೨೩೦ ವೋಲ್ಟು, ಕಾರಿನಲ್ಲಿರುವುದು ೧೨. ಒಂದೇ ಕೆಲಸವನ್ನು ಮಾಡಿಸಲು ಕಾರಿನ ತಂತಿಯಲ್ಲಿ ಹೆಚ್ಚು ಕಡಿಮೆ ಇಪ್ಪತ್ತು ಪಟ್ಟು ಪ್ರವಾಹ ಹರಿಯಬೇಕಾಗುತ್ತದೆ.

ಕನ್ನಡ ನಾಡಿಗೆ ಈ ಲೆಕ್ಕ ಹೊಸದಲ್ಲ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗಳಿಗೆ ಒಯ್ಯುವಾಗ ಇಂಜಿನಿಯರರು ಅದನ್ನು ಹತ್ತಾರು ಸಾವಿರ ವೋಲ್ಟುಗಳಿಗೆ ಏರಿಸಿಯೇ ಕಳುಹಿಸಿದರು. ವೋಲ್ಟು ಏರಿದಷ್ಟೂ ಆಂಪಿಯರು ಇಳಿಯುತ್ತದೆ. ಆಂಪಿಯರು ಇಳಿದಷ್ಟೂ ದಾರಿಯಲ್ಲಿ ಶಾಖವಾಗಿ ಸೋರುವ ಶಕ್ತಿ ಕಡಿಮೆಯಾಗುತ್ತದೆ. ಸುಮಾರು ತೊಂಬತ್ತು ಮೈಲಿಗಳ ಆ ಹಾದಿ ಈ ಉಪಾಯವಿಲ್ಲದೆ ಸಾಗುತ್ತಿರಲಿಲ್ಲ. ಕಾರಿನ ಆಂಪ್ಲಿಫೈಯರು ಇದೇ ಸೂತ್ರವನ್ನು ತಲೆಕೆಳಗಾಗಿ ನಿಲ್ಲಿಸುತ್ತದೆ. ಅಲ್ಲಿ ವೋಲ್ಟು ತೀರ ಕಡಿಮೆ; ಆದುದರಿಂದ ಒಂದೆರಡು ಗಜದ ತಂತಿಯೂ ತೊಂಬತ್ತು ಮೈಲಿಯ ಚಿಂತೆಯನ್ನು ತಂದೊಡ್ಡುತ್ತದೆ.

ಹನ್ನೆರಡು ವೋಲ್ಟಿನ ಬಡತನವನ್ನು ನೀಗುವ ಯತ್ನ ಕಾರಿನ ಸಂಗೀತದಷ್ಟೇ ಹಳೆಯದು. ಅಮೆರಿಕದ ಷಿಕಾಗೋ ನಗರದಲ್ಲಿ ಗಾಲ್ವಿನ್ ಸೋದರರು ‘ಮೋಟೊರೋಲ’ ಎಂಬ ಹೆಸರಿನ ಕಾರ್ ರೇಡಿಯೊವನ್ನು ಮಾರಾಟಕ್ಕಿಟ್ಟದ್ದು ೧೯೩೦ರಲ್ಲಿ. ಆ ದಶಕದ ಅನೇಕ ಕಾರುಗಳಲ್ಲಿದ್ದ ಬ್ಯಾಟರಿ ಆರು ವೋಲ್ಟಿನದು. ರೇಡಿಯೊದ ವಾಲ್ವುಗಳಿಗೋ ನೂರಾರು ವೋಲ್ಟು ಬೇಕು. ಒಂದು ಉಕ್ಕಿನ ನಾಲಗೆಯನ್ನು ಸತತವಾಗಿ ಕಂಪಿಸುವಂತೆ ಮಾಡಿ, ಪ್ರವಾಹವನ್ನು ಕತ್ತರಿಸಿ ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಉಣಿಸಿ, ವೋಲ್ಟನ್ನು ಏರಿಸುತ್ತಿದ್ದರು. ಇಂದಿನ ಆಂಪ್ಲಿಫೈಯರಿನ ಹೊಟ್ಟೆಯಲ್ಲಿಯೂ ನಡೆಯುವುದು ಅದೇ ಕೆಲಸ. ಉಕ್ಕಿನ ನಾಲಗೆಯ ಬದಲು ಟ್ರಾನ್ಸಿಸ್ಟರುಗಳು ಕ್ಷಣಕ್ಕೆ ಹತ್ತಾರು ಸಾವಿರ ಸಲ ಪ್ರವಾಹವನ್ನು ಕಡಿಯುತ್ತವೆ. ಬಳೆಯಾಕಾರದ ಟ್ರಾನ್ಸ್‌ಫಾರ್ಮರು ಅದನ್ನು ಮೇಲಕ್ಕೆತ್ತುತ್ತದೆ. ಈ ಏರ್ಪಾಡಿಲ್ಲದೆ ೧೪.೪ ವೋಲ್ಟಿನಲ್ಲಿ ೪ ಓಮಿನ ಸ್ಪೀಕರಿಗೆ ಶುದ್ಧವಾದ ಧ್ವನಿಯಲ್ಲಿ ದಾಟಿಸಬಹುದಾದ ಶಕ್ತಿ, ಎಷ್ಟು ಜಾಣತನದಿಂದ ಹೆಣೆದರೂ, ಇಪ್ಪತ್ತಾರು ವ್ಯಾಟಿನ ಒಳಗೇ ನಿಲ್ಲುತ್ತದೆ.

ಹೆಸರುಫಲಕದ ಹೆಮ್ಮೆ

ವಿದ್ಯುತ್ತಿನ ಮೂಲವನ್ನು ಆರಿಸುವ ಮೊದಲು ಪೆಟ್ಟಿಗೆಗೆ ಎಷ್ಟು ಹಸಿವೆಂಬುದು ತಿಳಿಯಬೇಕು. ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ ‘೮೦೦ ವ್ಯಾಟ್’ ಎಂದು ಮೆರೆಯುತ್ತಿದ್ದರೆ ಅದನ್ನು ಮದುವೆಯ ಮಾತುಕತೆಯಲ್ಲಿ ವರನ ಕಡೆಯವರು ಹೇಳುವ ಸಂಬಳದಂತೆ ಆಲಿಸಬೇಕು. ನಿಜವನ್ನು ನುಡಿಯುವುದು ಪಕ್ಕದಲ್ಲಿ ಸಿಕ್ಕಿಸಿದ ಪುಟ್ಟ ಫ್ಯೂಸು. ಅದು ನೀಲಿ ಬಣ್ಣದ್ದಾಗಿದ್ದು ಮೇಲೆ ‘೧೫’ ಎಂದಿದ್ದರೆ, ಆ ಯಂತ್ರ ಸತತವಾಗಿ ಹದಿನೈದು ಆಂಪಿಯರಿಗಿಂತ ಹೆಚ್ಚು ಉಣ್ಣದೆಂದು ಅರ್ಥ. ಇಂಜಿನ್ ಓಡುವಾಗ ಕಾರಿನಲ್ಲಿ ಸುಮಾರು ೧೩.೮ ವೋಲ್ಟು ಇರುತ್ತದೆ. ಹದಿನೈದನ್ನು ಅದರಿಂದ ಗುಣಿಸಿದರೆ ೨೦೭ ವ್ಯಾಟು. ತಿಂದದ್ದಕ್ಕಿಂತ ಹೆಚ್ಚಿನ ದುಡಿಮೆಯನ್ನು ಯಾವ ಯಂತ್ರವೂ ಮಾಡಲಾರದು. ‘ಎ-ಬಿ’ ವರ್ಗದ ಆಂಪ್ಲಿಫೈಯರು ತಿಂದದ್ದರಲ್ಲಿ ನೂರಕ್ಕೆ ಅರುವತ್ತರಷ್ಟನ್ನು ಧ್ವನಿಗೆ ಕೊಟ್ಟು ಉಳಿದದ್ದನ್ನು ಶಾಖವಾಗಿ ಚೆಲ್ಲುತ್ತದೆ. ‘ಡಿ’ ವರ್ಗದ್ದು ಎಂಬತ್ತಕ್ಕೂ ಮಿಕ್ಕಿ ಕೊಡುತ್ತದೆ. ನಮ್ಮ ಉದಾಹರಣೆಯ ಪೆಟ್ಟಿಗೆ ‘ಎ-ಬಿ’ ವರ್ಗದ್ದಾಗಿದ್ದರೆ ಅದರಿಂದ ದೊರೆಯುವುದು ನೂರಿಪ್ಪತ್ತು ವ್ಯಾಟಿನ ಆಸುಪಾಸು. ಎಂಟುನೂರೆಂಬುದು ಮಾರುವವನ ಹೆಮ್ಮೆ.

ಈ ಹೆಮ್ಮೆಗೆ ಕಡಿವಾಣ ಹಾಕಲು ಅಮೆರಿಕದ ತಯಾರಕರ ಸಂಘ ೨೦೦೩ರಲ್ಲಿ ಒಂದು ಮಾನದಂಡವನ್ನು ಪ್ರಕಟಿಸಿತು. ‘ಸಿಇಎ-೨೦೦೬’ ಎಂದು ಕರೆಯಿಸಿಕೊಂಡು ಮುಂದೆ ‘ಸಿಟಿಎ-೨೦೦೬’ ಆದ ಆ ನಿಯಮದ ಪ್ರಕಾರ, ೧೪.೪ ವೋಲ್ಟಿನಲ್ಲಿ, ೪ ಓಮಿನ ಭಾರಕ್ಕೆ, ನೂರಕ್ಕೆ ಒಂದಕ್ಕಿಂತ ಹೆಚ್ಚು ವಿಕೃತಿಯಿಲ್ಲದೆ ಕೊಡಬಲ್ಲ ಶಕ್ತಿಯನ್ನೇ ನಮೂದಿಸಬೇಕು. ಈ ಗುರುತನ್ನು ಹೊತ್ತ ಪೆಟ್ಟಿಗೆಯ ಅಂಕಿಯನ್ನು ನಂಬಬಹುದು. ಉಳಿದವುಗಳಿಗೆ ಫ್ಯೂಸೇ ಸಾಕ್ಷಿ.

ಬ್ಯಾಟರಿಯ ಪೀಠಕ್ಕೆ ಯಾರು?

ಕಾರಿನಲ್ಲಿ ಈ ಹಸಿವನ್ನು ತಣಿಸುತ್ತಿದ್ದುದು ಬ್ಯಾಟರಿ. ಮೃದಂಗದ ಒಂದು ಗುಮುಕಿಗೆ ಒಮ್ಮೆಲೇ ಹದಿನೈದು ಆಂಪಿಯರು ಬೇಕೆಂದರೂ ಅದು ಹುಬ್ಬು ಗಂಟಿಕ್ಕದೆ ಕೊಡುತ್ತದೆ. ಮನೆಯಲ್ಲಿ ಆ ಪೀಠದ ಮೇಲೆ ಯಾರನ್ನು ಕೂರಿಸಬೇಕೆಂಬುದೇ ಈ ಕಾರ್ಯದ ಮುಖ್ಯ ಪ್ರಶ್ನೆ. ಉಮೇದುವಾರರು ನಾಲ್ವರಿದ್ದಾರೆ.

ಮೊದಲನೆಯದು, ಅಂಗಡಿಗಳಲ್ಲಿ ‘ಎಸ್‌ಎಂಪಿಎಸ್’ ಎಂದು ಕರೆಯುವ ತೂತುತೂತಿನ ತಗಡಿನ ಪೆಟ್ಟಿಗೆ. ಸಾಲುದೀಪಗಳಿಗೂ ಕಾವಲು ಕ್ಯಾಮೆರಾಗಳಿಗೂ ಇದನ್ನು ಬಳಸುವುದರಿಂದ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳಲ್ಲಿ ಸುಲಭವಾಗಿ ದೊರೆಯುತ್ತದೆ. ಹದಿನೈದು ಆಂಪಿಯರಿನ ಫ್ಯೂಸುಳ್ಳ ಆಂಪ್ಲಿಫೈಯರಿಗೆ ೧೨ ವೋಲ್ಟು, ೨೦ ಆಂಪಿಯರಿನದು ಸಾಕು. ತುದಿಯಲ್ಲಿರುವ ಸಣ್ಣ ತಿರುಪನ್ನು ನಿಧಾನವಾಗಿ ತಿರುಗಿಸಿದರೆ ಹನ್ನೆರಡನ್ನು ಹದಿಮೂರರ ಮೇಲಕ್ಕೆ ಏರಿಸಬಹುದು, ೧೩.೮ಕ್ಕೆ ತಲುಪಿದರೆ ನಿಲ್ಲಿಸಬೇಕು. ಕೆಲವು ಪೆಟ್ಟಿಗೆಗಳ ಪಕ್ಕದಲ್ಲಿ ೧೧೫ ಮತ್ತು ೨೩೦ ಎಂಬ ಗುರುತಿನ ಪುಟ್ಟ ಸ್ವಿಚ್ಚಿರುತ್ತದೆ. ಅದು ೨೩೦ರ ಕಡೆಗಿದೆಯೆಂದು ನೋಡಿಕೊಳ್ಳದೆ ಪ್ಲಗ್ಗು ಚುಚ್ಚಿದವನಿಗೆ ಪಟಾಕಿಯ ಸದ್ದೂ ಹೊಗೆಯೂ ಉಚಿತ.

ಎರಡನೆಯದು, ಹಳೆಯ ಕಂಪ್ಯೂಟರಿನ ವಿದ್ಯುತ್ ಪೆಟ್ಟಿಗೆ. ಇದರಲ್ಲಿ ಹಳದಿ ತಂತಿ ೧೨ ವೋಲ್ಟಿನದು, ಕಪ್ಪು ತಂತಿ ಋಣದ್ದು. ಹಸಿರು ತಂತಿಯನ್ನು ಕಪ್ಪಿಗೆ ಸೇರಿಸಿದ ಹೊರತು ಅದು ಎಚ್ಚರಗೊಳ್ಳುವುದಿಲ್ಲ. ಖರ್ಚಿಲ್ಲದ ಉಪಾಯವೇನೋ ಹೌದು. ಆದರೆ ಮೈಮೇಲಿನ ಪಟ್ಟಿಯಲ್ಲಿ ೧೨ ವೋಲ್ಟಿನ ಎದುರು ಎಷ್ಟು ಆಂಪಿಯರೆಂದು ಬರೆದಿದೆಯೋ ಅಷ್ಟೇ ಅದರ ಯೋಗ್ಯತೆ. ಒಂದೇ ಹಳದಿ ತಂತಿಯ ಮೇಲೆ ಎಲ್ಲ ಹೊರೆಯನ್ನೂ ಹೇರದೆ, ಒಂದೇ ಸಾಲಿಗೆ ಸೇರಿದ ಹಲವು ಹಳದಿಗಳನ್ನೂ ಅಷ್ಟೇ ಕಪ್ಪುಗಳನ್ನೂ ಕೂಡಿಸಿ ಬಳಸಬೇಕು.

ಮೂರನೆಯದು, ತಾಮ್ರದ ಸುರುಳಿಯ ಭಾರವಾದ ಟ್ರಾನ್ಸ್‌ಫಾರ್ಮರು. ಗೋಡೆಯ ಪರ್ಯಾಯ ಪ್ರವಾಹವನ್ನು ಇದು ಹನ್ನೆರಡಕ್ಕೆ ಇಳಿಸುತ್ತದೆ; ಡಯೋಡುಗಳು ಅದನ್ನು ಏಕಮುಖ ಪ್ರವಾಹವನ್ನಾಗಿ ತಿದ್ದುತ್ತವೆ. ಆದರೆ ತಿದ್ದಿದ ಮೇಲೆ ಹನ್ನೆರಡು ಹನ್ನೆರಡಾಗಿ ಉಳಿಯುವುದಿಲ್ಲ. ಅಲೆಯ ಶಿಖರ ಹದಿನೇಳು ವೋಲ್ಟಿನದಾದ್ದರಿಂದ, ಡಯೋಡುಗಳ ಸುಂಕವನ್ನು ಕಳೆದರೂ, ಹಾಡಿಲ್ಲದ ಮೌನದಲ್ಲಿ ಅದು ಹದಿನೈದನ್ನು ದಾಟಿ ನಿಲ್ಲುತ್ತದೆ. ಅಷ್ಟನ್ನು ಎಲ್ಲ ಆಂಪ್ಲಿಫೈಯರುಗಳೂ ಸಹಿಸವು. ಈ ವಿದ್ಯೆ ಬಲ್ಲವರ ಕೈಗೇ ಇದನ್ನು ಬಿಡುವುದು ಲೇಸು.

ನಾಲ್ಕನೆಯದು, ಬ್ಯಾಟರಿಯೇ. ಹಾಡಿಗೆ ಇದಕ್ಕಿಂತ ಶುದ್ಧವಾದ ಮೂಲವಿಲ್ಲ. ಆದರೆ ಚಾರ್ಜು ಆಗುವಾಗ ಸೀಸದ ಬ್ಯಾಟರಿ ಜಲಜನಕವನ್ನು ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಒಂದು ಕಿಡಿ ಸಾಕು. ಅದರ ಎರಡು ಕೊಂಬುಗಳ ನಡುವೆ ಸ್ಪ್ಯಾನರೋ ಕೈಬಳೆಯೋ ಉಂಗುರವೋ ಅಡ್ಡಬಿದ್ದರೆ ನೂರಾರು ಆಂಪಿಯರು ಒಮ್ಮೆಗೇ ಹರಿದು ಲೋಹ ಕೆಂಡವಾಗುತ್ತದೆ. ಮನೆಯ ಇನ್ವರ್ಟರಿಗೆ ಕಟ್ಟಿದ ಬ್ಯಾಟರಿಯಿಂದ ಹಾಡಿನ ಪೆಟ್ಟಿಗೆಗೂ ಒಂದು ಎಳೆ ಎಳೆದುಕೊಳ್ಳುವ ಆಸೆ ಹಲವರಿಗೆ ಹುಟ್ಟುತ್ತದೆ. ಅದನ್ನು ಅಲ್ಲಿಯೇ ಅಡಗಿಸುವುದು ಒಳ್ಳೆಯದು. ಇನ್ನು ಬ್ಯಾಟರಿಯಿಲ್ಲದೆ ಚಾರ್ಜರನ್ನೇ ನೇರವಾಗಿ ಆಂಪ್ಲಿಫೈಯರಿಗೆ ಕೊಡುವುದಂತೂ ಸರ್ವಥಾ ಸಲ್ಲದು. ಸಾಧಾರಣ ಚಾರ್ಜರಿನ ಪ್ರವಾಹ ಏರಿಳಿತದಿಂದ ಕೂಡಿದ್ದು. ಹಾಡಿನ ಜೊತೆಗೆ ಅದರ ಗೊರಕೆಯೂ ಕೇಳುತ್ತದೆ.

ಸಾಮಾನ್ಯ ಸಂಸಾರಕ್ಕೆ ಈ ನಾಲ್ವರಲ್ಲಿ ಮೊದಲನೆಯವನೇ ಸರಿಯಾದ ಅಭ್ಯರ್ಥಿ. ಕಾರಿನ ಅಂಗಡಿಗಳಲ್ಲಿ ಮಾರುವ ಒಂದು ಫ್ಯಾರಡಿನ ದೊಡ್ಡ ಕೆಪಾಸಿಟರನ್ನು ಇದರ ಜೊತೆಗೆ ಕೊಳ್ಳಬೇಕೆ ಎಂದು ಕೇಳುವವರುಂಟು. ಒಂದು ವೋಲ್ಟು ಕುಸಿಯುವಷ್ಟರಲ್ಲಿ ಅದು ಕೊಡಬಲ್ಲದ್ದು, ಇಪ್ಪತ್ತು ಆಂಪಿಯರಿನ ಲೆಕ್ಕದಲ್ಲಿ, ಒಂದು ಕ್ಷಣದ ಇಪ್ಪತ್ತನೆಯ ಒಂದು ಭಾಗದ ಮಟ್ಟಿಗೆ ಮಾತ್ರ. ಆ ಹಣವನ್ನು ತುಸು ದೊಡ್ಡ ಎಸ್‌ಎಂಪಿಎಸ್‌ಗೆ ಹಾಕುವುದು ಜಾಣತನ.

ತಂತಿಯೆಂಬ ತೆರಿಗೆ

ಈಗ ತಂತಿಯ ಮಾತು. ಮನೆಯ ದೀಪಗಳಿಗೆ ಎಳೆಯುವ ಒಂದು ಚದರ ಮಿಲಿಮೀಟರಿನ ತಂತಿಯನ್ನೇ ಇಲ್ಲಿಯೂ ಬಳಸಿ, ಪೆಟ್ಟಿಗೆಗಳ ನಡುವೆ ಎರಡು ಮೀಟರು ದೂರವಿಟ್ಟರೆ ಆಗುವುದೇನು? ಹೋಗುವ ದಾರಿ ಎರಡು ಮೀಟರು, ಮರಳುವ ದಾರಿ ಎರಡು. ಈ ನಾಲ್ಕು ಮೀಟರಿನ ರೋಧ ಸುಮಾರು ೦.೦೮ ಓಮು. ಹದಿನೈದು ಆಂಪಿಯರು ಹರಿದಾಗ ಒಂದು ವೋಲ್ಟಿಗೂ ಮಿಕ್ಕಿ ದಾರಿಯಲ್ಲೇ ಕಳೆದುಹೋಗುತ್ತದೆ. ಹದಿನೇಳು ವ್ಯಾಟಿನಷ್ಟು ಶಾಖ ತಂತಿಯ ಮೈಯಲ್ಲಿ ಹುಟ್ಟುತ್ತದೆ. ಇನ್ನೂರ ಮೂವತ್ತರಲ್ಲಿ ಒಂದು ಕಳೆದರೆ ಯಾರಿಗೂ ತಿಳಿಯದು. ಹನ್ನೆರಡರಲ್ಲಿ ಒಂದು ಕಳೆದರೆ ಬಡವನ ಮೇಲೆ ಬಿದ್ದ ತೆರಿಗೆಯಂತೆ. ಅದೇ ಜಾಗದಲ್ಲಿ ಆರು ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ ಒಂದು ವೋಲ್ಟಿನ ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಇದರಿಂದ ಹೊರಡುವ ನಿಯಮ ಸರಳವಾದುದು. ಉದ್ದದ ತಂತಿ ೨೩೦ ವೋಲ್ಟಿನ ಕಡೆಗಿರಲಿ, ಗಿಡ್ಡ ತಂತಿ ೧೨ ವೋಲ್ಟಿನ ಕಡೆಗಿರಲಿ. ಎಸ್‌ಎಂಪಿಎಸ್ ಆಂಪ್ಲಿಫೈಯರಿನ ಮಗ್ಗುಲಲ್ಲೇ ಕುಳಿತು, ನಡುವೆ ಒಂದು ಮೀಟರಿಗಿಂತ ಕಡಿಮೆ ಅಂತರವಿದ್ದರೆ ನಾಲ್ಕು ಚದರ ಮಿಲಿಮೀಟರಿನ ತಾಮ್ರದ ತಂತಿ ನಮ್ಮ ಉದಾಹರಣೆಗೆ ಧಾರಾಳ. ಕೊಳ್ಳುವಾಗ ತುದಿಯನ್ನು ಚಾಕುವಿನಿಂದ ಕೆರೆದು ನೋಡಬೇಕು. ಕೆಂಪಿನ ಕೆಳಗೆ ಬಿಳುಪು ಕಂಡರೆ ಅದು ತಾಮ್ರದ ಲೇಪ ಹೊದ್ದ ಅಲ್ಯೂಮಿನಿಯಂ. ಅಲ್ಯೂಮಿನಿಯಮ್ಮಿನ ರೋಧ ತಾಮ್ರದ್ದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಹೊರಗಿನ ದಪ್ಪವನ್ನು ನೋಡಿ ಮೋಸಹೋಗಬಾರದು.

ತಂತಿಯ ನಡುವಿಗಿಂತ ಅದರ ತುದಿ ಹೆಚ್ಚು ಅಪಾಯಕರ. ಎಳೆಗಳನ್ನು ಬೆರಳಿನಿಂದ ಹೊಸೆದು ತಿರುಪಿನ ಅಡಿಗೆ ತೂರಿಸಿದರೆ ಅರ್ಧ ಎಳೆಗಳು ಹೊರಗುಳಿಯುತ್ತವೆ. ಸಡಿಲವಾದ ಆ ಜಾಗ ಕಾಯುತ್ತದೆ, ಕಾಯ್ದಷ್ಟೂ ಸಡಿಲವಾಗುತ್ತದೆ. ತುದಿಗೆ ತಾಮ್ರದ ಲಗ್ಗನ್ನು ಹಾಕಿ, ಇಕ್ಕಳದಿಂದ ಒತ್ತಿಸಿ, ತಿರುಪನ್ನು ಬಿಗಿಗೊಳಿಸಬೇಕು. ಒಂದು ಗಂಟೆ ಹಾಡಿದ ಮೇಲೆ ಪ್ಲಗ್ಗನ್ನು ಕಿತ್ತು ಕೆಳವೋಲ್ಟಿನ ಜೋಡಣೆಗಳನ್ನು ಮುಟ್ಟಿ ನೋಡಿದರೆ ಯಾವುದು ಬಿಸಿಯಾಗಿದೆಯೋ ಅದೇ ತಪ್ಪಿತಸ್ಥ.

ಕಾರಿನ ಮೈ, ಮನೆಯ ನೆಲ

ಆಂಪ್ಲಿಫೈಯರಿನ ಮೂರು ತಿರುಪುಗಳಲ್ಲಿ ಒಂದರ ಮೇಲೆ ‘+೧೨’, ಇನ್ನೊಂದರ ಮೇಲೆ ‘ಗ್ರೌಂಡ್’, ಮತ್ತೊಂದರ ಮೇಲೆ ‘ರಿಮೋಟ್’ ಎಂಬ ಅರ್ಥದ ಗುರುತುಗಳಿರುತ್ತವೆ. ಇವುಗಳಲ್ಲಿ ‘ಗ್ರೌಂಡ್’ ಎಂಬ ಮಾತು ಬಹಳ ಜನರನ್ನು ದಾರಿ ತಪ್ಪಿಸಿದೆ. ಕಾರಿನಲ್ಲಿ ಬ್ಯಾಟರಿಯ ಋಣಕೊಂಬು ಗಾಡಿಯ ಉಕ್ಕಿನ ಮೈಗೆ ಸೇರಿರುತ್ತದೆ. ಆದುದರಿಂದ ಮರಳುವ ಪ್ರವಾಹಕ್ಕೆ ಇಡೀ ಮೈಯೇ ತಂತಿ. ಮನೆಯಲ್ಲಿ ಅಂಥ ಮೈಯಿಲ್ಲ. ಮೂರು ಕಡ್ಡಿಯ ಪ್ಲಗ್ಗಿನಲ್ಲಿರುವ ‘ಅರ್ತ್’ ಮನುಷ್ಯರ ಪ್ರಾಣರಕ್ಷಣೆಗೆ ಇರುವುದೇ ಹೊರತು ಹಾಡಿನ ಪ್ರವಾಹವನ್ನು ಹೊರುವುದಕ್ಕಲ್ಲ. ಆಂಪ್ಲಿಫೈಯರಿನ ಗ್ರೌಂಡು ಎಸ್‌ಎಂಪಿಎಸ್‌ನ ಋಣ ತಿರುಪಿಗೇ ಬರಬೇಕು. ಅದೂ ಧನದ ತಂತಿಯಷ್ಟೇ ದಪ್ಪವಾದ ತಂತಿಯಲ್ಲಿ. ಹೋದಷ್ಟೂ ಪ್ರವಾಹ ಮರಳಲೇಬೇಕಷ್ಟೆ.

‘ರಿಮೋಟ್’ ಎಂಬುದು ಯಂತ್ರವನ್ನು ಎಬ್ಬಿಸುವ ಸನ್ನೆ. ಕಾರಿನಲ್ಲಿ ಹಾಡಿನ ಪೆಟ್ಟಿಗೆಯನ್ನು ಹಚ್ಚಿದೊಡನೆ ಈ ತಂತಿಯಲ್ಲಿ ೧೨ ವೋಲ್ಟು ಬಂದು ಆಂಪ್ಲಿಫೈಯರು ಎಚ್ಚರಗೊಳ್ಳುತ್ತಿತ್ತು. ಮನೆಯಲ್ಲಿ ಧನ ತಿರುಪಿನಿಂದ ಒಂದು ಸಣ್ಣ ತಂತಿಯನ್ನು ಪುಟ್ಟ ಸ್ವಿಚ್ಚಿನ ಮೂಲಕ ಇಲ್ಲಿಗೆ ಕೊಟ್ಟರೆ ಸಾಕು. ಇದರಲ್ಲಿ ಹರಿಯುವ ಪ್ರವಾಹ ಅತ್ಯಲ್ಪವಾದ್ದರಿಂದ ದಪ್ಪ ತಂತಿ ಬೇಡ. ಎಲ್ಲವನ್ನೂ ಸರಿಯಾಗಿ ಕಟ್ಟಿ ಈ ಒಂದನ್ನು ಮರೆತು, ಯಂತ್ರ ಸತ್ತಿದೆಯೆಂದು ರಿಪೇರಿಗೆ ಹೊತ್ತೊಯ್ದವರು ಕಡಿಮೆಯಿಲ್ಲ.

ಧನ ಋಣಗಳು ಅದಲುಬದಲಾದರೆ ಒಳಗಿನ ರಕ್ಷಕ ಡಯೋಡು ಪ್ರವಾಹವನ್ನು ತನ್ನ ಮೇಲೆ ಎಳೆದುಕೊಂಡು ಫ್ಯೂಸನ್ನು ಸುಡುತ್ತದೆ. ಅದೃಷ್ಟವಿದ್ದರೆ ನಷ್ಟ ಅಲ್ಲಿಗೇ ನಿಲ್ಲುತ್ತದೆ. ಅದೃಷ್ಟವನ್ನು ನಂಬದೆ ಮಲ್ಟಿಮೀಟರನ್ನು ನಂಬುವುದು ಉತ್ತಮ.

ದ್ವಾರಪಾಲಕ

ಆಂಪ್ಲಿಫೈಯರಿನ ಮೈಯಲ್ಲೇ ಫ್ಯೂಸಿರುವಾಗ ಇನ್ನೊಂದೇಕೆ ಎಂಬ ಪ್ರಶ್ನೆ ಬರಬಹುದು. ಅದು ಕಾಯುವುದು ಯಂತ್ರವನ್ನು. ಯಂತ್ರವನ್ನು ತಲುಪುವ ತಂತಿಯನ್ನಲ್ಲ. ಬ್ಯಾಟರಿಯಿಂದ ಹೊರಟ ತಂತಿಯನ್ನು ಇಲಿ ಕಡಿದರೆ, ಕುರ್ಚಿಯ ಕಾಲು ಒತ್ತಿದರೆ, ಎರಡು ಎಳೆಗಳು ತಾಗಿದರೆ, ಪ್ರವಾಹ ಆ ಫ್ಯೂಸಿನವರೆಗೆ ಹೋಗುವುದೇ ಇಲ್ಲ. ದಾರಿಯಲ್ಲೇ ತಂತಿಯನ್ನು ಕೆಂಡ ಮಾಡುತ್ತದೆ. ಕಾರಿನಲ್ಲಿ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸಿರಬೇಕೆಂದು ಹೇಳುವುದು ಇದಕ್ಕಾಗಿಯೇ. ಮನೆಯಲ್ಲಿಯೂ ವಿದ್ಯುತ್ತು ಹೊರಡುವ ಬಾಗಿಲಲ್ಲೇ ದ್ವಾರಪಾಲಕ ನಿಲ್ಲಬೇಕು. ಅವನ ಅಂಕಿ ತಂತಿಯ ಸಾಮರ್ಥ್ಯವನ್ನು ಮೀರಬಾರದು. ಫ್ಯೂಸು ಪದೇ ಪದೇ ಸುಡುತ್ತದೆಂದು ದಪ್ಪನೆಯದನ್ನು ಹಾಕುವುದು, ಬೊಗಳಿತೆಂದು ನಾಯಿಯನ್ನು ಮನೆಯಿಂದ ಓಡಿಸಿದಂತೆ.

ಗೋಡೆಯ ಕಡೆಯ ಎಚ್ಚರಿಕೆ ಇದಕ್ಕಿಂತ ಮಿಗಿಲಾದುದು. ಎಸ್‌ಎಂಪಿಎಸ್‌ನ ತಿರುಪುಗಳ ಸಾಲಿನಲ್ಲಿ ಎರಡು ನೇರವಾಗಿ ೨೩೦ ವೋಲ್ಟಿನವು, ಪಕ್ಕದಲ್ಲಿರುವುದು ಅರ್ತಿನದು. ಇಲ್ಲಿ ಬೆರಳು ತಗುಲಿದರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಮೂರು ಕಡ್ಡಿಯ ಪ್ಲಗ್ಗನ್ನೇ ಬಳಸಬೇಕು. ಅರ್ತಿನ ತಂತಿ ತಗಡಿನ ಪೆಟ್ಟಿಗೆಗೆ ತಪ್ಪದೆ ಸೇರಬೇಕು. ತಿರುಪುಗಳ ಮೇಲೆ ಮಕ್ಕಳ ಬೆರಳು ನುಸುಳದಂಥ ಮುಚ್ಚಳವಿರಬೇಕು. ಮನೆಯ ಹಲಗೆಯಲ್ಲಿ ೩೦ ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ಇನ್ನೂ ಕ್ಷೇಮ. ಪ್ಲಗ್ಗು ಕಿತ್ತ ಮೇಲೂ ಪೆಟ್ಟಿಗೆಯೊಳಗಿನ ಕೆಪಾಸಿಟರುಗಳಲ್ಲಿ ಮುನ್ನೂರು ವೋಲ್ಟಿಗೂ ಮಿಕ್ಕಿ ಉಳಿದಿರಬಹುದು; ಅದರ ಮುಚ್ಚಳ ತೆಗೆಯುವುದು ಮನೆಮಂದಿಯ ಕೆಲಸವಲ್ಲ. ಈ ಭಾಗವನ್ನು ಬಲ್ಲ ಎಲೆಕ್ಟ್ರೀಷಿಯನ್ನನಿಂದ ಮಾಡಿಸಿದರೆ ಯಾರ ಮಾನವೂ ಹೋಗುವುದಿಲ್ಲ.

ಮೊದಲ ಸಲ ಹಚ್ಚುವಾಗ

ಆಂಪ್ಲಿಫೈಯರನ್ನು ಸೇರಿಸದೆ ಮೊದಲು ಎಸ್‌ಎಂಪಿಎಸ್ ಒಂದನ್ನೇ ಹಚ್ಚಿ, ಮಲ್ಟಿಮೀಟರಿನಿಂದ ವೋಲ್ಟನ್ನೂ ಧನ ಋಣಗಳನ್ನೂ ನೋಡಬೇಕು. ಬಳಿಕ ಆರಿಸಿ, ಧನದ ದಾರಿಯಲ್ಲಿ ಕಾರಿನ ಹೆಡ್‌ಲೈಟಿನ ೧೨ ವೋಲ್ಟಿನ ಬಲ್ಬೊಂದನ್ನು ಸಾಲಾಗಿ ಕಟ್ಟಿ ಆಂಪ್ಲಿಫೈಯರಿಗೆ ಕೊಡಬೇಕು. ಹಚ್ಚಿದೊಡನೆ ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಯಂತ್ರ ಆರೋಗ್ಯವಾಗಿದೆ. ಮಿಂಚಿದ ಮಿಂಚು ಇಳಿಯದೆ ಪ್ರಖರವಾಗಿಯೇ ಉರಿದರೆ ಒಳಗೆ ಎಲ್ಲೋ ತಾಗಿದೆ. ಎರಡನೆಯ ಸಂದರ್ಭದಲ್ಲಿ ಬಲ್ಬು ಪ್ರವಾಹವನ್ನು ತಡೆದು ಹಿಡಿಯುವುದರಿಂದ ಹೊಗೆ ಏಳುವುದಿಲ್ಲ. ರಿಪೇರಿಯವರ ಈ ಉಪಾಯಕ್ಕೆ ತಗಲುವ ವೆಚ್ಚ ಒಂದು ಬಲ್ಬಿನದು. ಪರೀಕ್ಷೆ ಮುಗಿದ ಮೇಲೆ ಬಲ್ಬನ್ನು ತೆಗೆದು ನೇರವಾಗಿ ಜೋಡಿಸಬಹುದು.

ಇನ್ನು ಸ್ಪೀಕರುಗಳು. ಕಾರಿನವು ಸಾಮಾನ್ಯವಾಗಿ ೪ ಓಮಿನವು, ಮನೆಯವು ಹೆಚ್ಚಾಗಿ ೮ ಓಮಿನವು. ೮ ಓಮಿನದನ್ನು ಹಾಕಿದರೆ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಯಂತ್ರಕ್ಕೆ ಶ್ರಮವೂ ಕಡಿಮೆಯಾಗುತ್ತದೆ. ಪಡಸಾಲೆಗೆ ಅಷ್ಟು ಸಾಕು. ಎರಡು ೪ ಓಮಿನವನ್ನು ಒಂದೇ ಬಾಯಿಗೆ ಜೊತೆಜೊತೆಯಾಗಿ ಕಟ್ಟಿದರೆ ಮಾತ್ರ ಭಾರ ೨ ಓಮಿಗೆ ಇಳಿದು ಯಂತ್ರ ಕಂಗೆಡಬಹುದು. ಕಾರಿನ ಬಾಗಿಲಿನಿಂದ ಕಿತ್ತ ಸ್ಪೀಕರನ್ನು ಬರಿದೆ ಮೇಜಿನ ಮೇಲಿಟ್ಟರೆ ದನಿ ಸೊರಗುತ್ತದೆ. ಮುಂದಿನ ಅಲೆಯನ್ನು ಹಿಂದಿನ ಅಲೆ ನುಂಗಿಹಾಕುವುದೇ ಅದಕ್ಕೆ ಕಾರಣ. ಮರದ ಪೆಟ್ಟಿಗೆಯೊಂದರಲ್ಲಿ ಕೂರಿಸಿದರೆ ಅದೇ ಸ್ಪೀಕರಿಗೆ ಮಂದ್ರ ಮರಳುತ್ತದೆ.

ಹಾಡನ್ನು ಮೊಬೈಲಿನಿಂದ ಆರ್‌ಸಿಎ ತಂತಿಯ ಮೂಲಕವೋ ಬ್ಲೂಟೂತ್ ಡಬ್ಬಿಯ ಮೂಲಕವೋ ಕೊಡಬಹುದು. ಆಂಪ್ಲಿಫೈಯರಿನ ಮೇಲಿನ ‘ಗೇನ್’ ಗುಬ್ಬಿ ದನಿಯನ್ನು ಏರಿಸುವುದಕ್ಕಲ್ಲ; ಬರುವ ಸಂಕೇತದ ಬಲಕ್ಕೆ ಯಂತ್ರವನ್ನು ಹೊಂದಿಸುವುದಕ್ಕೆ. ಅದನ್ನು ತಗ್ಗಿನಲ್ಲಿಟ್ಟು ಮೇಲೇರಿಸುತ್ತ ಹೋಗಿ, ದನಿ ಒಡೆಯುವ ಮೊದಲೇ ನಿಲ್ಲಿಸಬೇಕು. ‘ಗುಂಯ್’ ಎಂಬ ಸದ್ದು ಬಂದರೆ, ತನ್ನ ಬ್ಯಾಟರಿಯಲ್ಲೇ ನಡೆಯುತ್ತಿರುವ ಮೊಬೈಲಿನಿಂದ ಹಾಡಿಸಿ ನೋಡಬೇಕು. ಸದ್ದು ನಿಂತರೆ, ಟೀವಿಯೋ ಕಂಪ್ಯೂಟರೋ ನೆಲಕ್ಕೆ ಎರಡನೆಯ ದಾರಿ ಮಾಡಿಕೊಂಡಿದೆಯೆಂದು ಭಾವಿಸಬಹುದು. ಅದಕ್ಕೆ ಆರ್‌ಸಿಎ ದಾರಿಯಲ್ಲಿ ಹಾಕುವ ‘ಗ್ರೌಂಡ್ ಲೂಪ್ ಐಸೊಲೇಟರ್’ ಎಂಬ ಡಬ್ಬಿಯುಂಟು. ಗುಂಯ್‌ಗುಡುವಿಕೆ ನಿಲ್ಲಲೆಂದು ಪ್ಲಗ್ಗಿನ ಅರ್ತ್ ಕಡ್ಡಿಯನ್ನು ಮುರಿಯುವ ಅಪಾಯಕರ ಪದ್ಧತಿಯನ್ನು ಯಾರೂ ಅನುಸರಿಸಬಾರದು.

ಯಂತ್ರ ಚೆಲ್ಲುವ ಶಾಖಕ್ಕೆ ಹೊರಹೋಗಲು ದಾರಿ ಬೇಕು. ಗಾಜಿನ ಬಾಗಿಲಿನ ಷೋಕೇಸಿನಲ್ಲಿ ಕಸೂತಿಯ ಬಟ್ಟೆ ಹೊದಿಸಿ ಇಡುವುದು ಅಂದಕ್ಕೆ ಚೆಂದ, ಯಂತ್ರಕ್ಕೆ ಮರಣ. ಅಲ್ಯೂಮಿನಿಯಂ ಏಣುಗಳಿಗೆ ಗಾಳಿ ಆಡುವಂತೆ ನಾಲ್ಕೂ ಕಡೆ ಅಂತರವಿರಲಿ.

ಲಾಭವೇ, ನಷ್ಟವೇ?

ಇಷ್ಟೆಲ್ಲ ಪರಿಶ್ರಮ ಯಾರಿಗೆ ಸಾರ್ಥಕ? ಆಂಪ್ಲಿಫೈಯರನ್ನೂ ಎಸ್‌ಎಂಪಿಎಸ್ಸನ್ನೂ ತಂತಿಯನ್ನೂ ಹೊಸದಾಗಿ ಕೊಂಡು ಈ ಸಾಹಸಕ್ಕೆ ಇಳಿಯುವವನು ಬುದ್ಧಿವಂತನೆನಿಸಲಾರ. ಗೋಡೆಯ ವಿದ್ಯುತ್ತಿಗೆಂದೇ ಮಾಡಿದ ಮನೆಯ ಆಂಪ್ಲಿಫೈಯರು ಪೇಟೆಯಲ್ಲಿರುವಾಗ, ೨೩೦ ವೋಲ್ಟನ್ನು ೧೨ಕ್ಕೆ ಇಳಿಸಿ, ಆ ಹನ್ನೆರಡನ್ನು ಯಂತ್ರದೊಳಗೆ ಮತ್ತೆ ಮೇಲೇರಿಸುವುದು ಮೂಗನ್ನು ಸುತ್ತಿ ಹಿಡಿದಂತೆ. ಆದರೆ ಒಳ್ಳೆಯ ಪೆಟ್ಟಿಗೆಯೊಂದು ಮನೆಯಲ್ಲಿ ಸುಮ್ಮನೆ ಬಿದ್ದಿದ್ದರೆ, ಅದನ್ನು ಗುಜರಿಗೆ ಹಾಕದೆ ಮತ್ತೆ ಹಾಡಿಸುವುದರಲ್ಲಿ ಮಿತವ್ಯಯವೂ ಇದೆ, ಒಂದು ಬಗೆಯ ಕೃತಜ್ಞತೆಯೂ ಇದೆ. ಕಾಲೇಜಿಗೆ ಹೋಗುವ ಮಕ್ಕಳಿಗೆ ಓಮನ ನಿಯಮ ಕಪ್ಪುಹಲಗೆಯಿಂದ ಇಳಿದು ಬೆರಳ ತುದಿಗೆ ಬರುವ ಲಾಭ ಬೇರೆ.

ಎಸ್‌ಎಂಪಿಎಸ್‌ಗೂ ತಂತಿಗೂ ಫ್ಯೂಸಿಗೂ ಆಗುವ ಖರ್ಚು ಕೆಲವರಿಗೆ ದಂಡವೆಂದು ತೋರಬಹುದು; ಅವುಗಳಿಂದ ಹಾಡು ಹೊರಡುವುದಿಲ್ಲವಲ್ಲ! ಕಾರಿನಲ್ಲಿ ಇವೆಲ್ಲವನ್ನೂ ಬೇರೆ ಯಾರೋ ಯೋಚಿಸಿ ಕಣ್ಣಿಗೆ ಬೀಳದಂತೆ ಜೋಡಿಸಿಟ್ಟಿದ್ದರು. ಮನೆಯಲ್ಲಿ ಆ ಯೋಚನೆ ಮನೆಯವರದೇ. ಅದನ್ನು ಮೊದಲು ಮಾಡಿ ಮುಗಿಸಿದ ಮನೆಯಲ್ಲಿ ಸಂಜೆಯ ಹಾಡನ್ನು ಎಲ್ಲರೂ ನಿಶ್ಚಿಂತೆಯಿಂದ ಕೇಳಬಹುದು.